ಮಾವನಿಗೆ ಹೇಳು, ನಾನು ಕಂಪ್ಯೂಟರ್ ಓದುತ್ತಿಲ್ಲ

ನ್ಯೂಯಾರ್ಕ್
12 ಫೆಬ್ರವರಿ 1997

ಅಮ್ಮನಿಗೆ ನಮಸ್ಕಾರ. ಅಪ್ಪನಿಗೂ ಹೇಳು. ನಾನು ಕ್ಷೇಮ. ನಿನ್ನ ಪತ್ರ ಮೊನ್ನೆ ಬಂತು. ಫೋನ್ ಮಾಡೋಣ ಅಂದುಕೊಂಡೆ. ಆದರೆ ಪಕ್ಕದ ಮನೆಯವರ ಎದುರು ನಿಂತು ಈ ವಿಷಯ ಮಾತಾಡಲು ನಿನಗೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ಪೆರುವಿಗೆ ಹೋಗುವ ಬಗ್ಗೆ ನಿಮ್ಮ ಭಯ. ಲಿಮಾದಲ್ಲಿ ಜಪಾನ್ ರಾಯಭಾರಿಯ ಮನೆಗೆ ಬಂದೂಕಿನವರು ನುಗ್ಗಿ ಜನರನ್ನು ಹಿಡಿದಿಟ್ಟಿರುವುದು ನಿಜ. ಡಿಸೆಂಬರ್ 17ರಿಂದ ನಡೆಯುತ್ತಲೇ ಇದೆ. ಅಪ್ಪ ಪೇಪರ್ ಕತ್ತರಿಸಿ ಕಳಿಸಬೇಕಾಗಿರಲಿಲ್ಲ, ಇಲ್ಲಿ ಟಿವಿಯಲ್ಲೂ ಅದೇ. ಆದರೆ ನಾನು ಹೋಗುವುದು ಕಾಸ್ಮಾ ಕಣಿವೆಗೆ. ಲಿಮಾದಿಂದ ಉತ್ತರಕ್ಕೆ ಸುಮಾರು 370 ಕಿ.ಮೀ., ಬೆಂಗಳೂರಿಂದ ಹುಬ್ಬಳ್ಳಿಗಿಂತ ಸ್ವಲ್ಪ ಹತ್ತಿರ ಅಷ್ಟೇ. ಹೋಗುವುದೂ ಜೂನ್‌ನಲ್ಲಿ. ನಾನು ಓದುವ ಯುದ್ಧ ಮುಗಿದು ಮೂರು ಸಾವಿರ ವರ್ಷದ ಮೇಲಾಯಿತು. ಆ ಕಡೆಯಿಂದ ಇನ್ನು ಯಾರೂ ಎದ್ದು ಬರುವುದಿಲ್ಲ.

ಈಗ ನನ್ನನ್ನು ಕೇಳಿರುವ ಗಂಡಿನ ಕಡೆಯವರ, ತಿಪಟೂರಿನವರ ವಿಷಯ. ಹುಡುಗಿ ಅಮೆರಿಕದಲ್ಲಿ ಕಂಪ್ಯೂಟರ್ ಓದುತ್ತಿದ್ದಾಳೆ ಅಂತ ರಘು ಮಾವ ಹೇಳಿಬಿಟ್ಟರಂತೆ. ಯಾಕಮ್ಮ? ಆ ಹುಡುಗ ಒಂದು ದಿನ ಪ್ರೋಗ್ರಾಂ ಬರೆದುಕೊಡು ಅಂದರೆ ಏನು ಮಾಡಲಿ? ನೀನೂ ಸುಮ್ನೆ ಕೂತಿದ್ದೆ ಅಂತ ಶೈಲಾ ಬರೆದಿದ್ದಾಳೆ. ನಾನು ಓದುವ ಮಾನವಶಾಸ್ತ್ರ ಅಂದರೆ ಅವರಿಗೆ ತಿಳಿಯುವುದಿಲ್ಲ ಅನ್ನುತ್ತೀಯ. ತಿಳಿಯುವ ಹಾಗೆ ಹೇಳಿದರೆ ಆಯಿತು.

ಎರಡು ಊರಿನವರು ಹೊಡೆದಾಡುತ್ತಾರೆ ಅಂದುಕೋ. ಸೋತವರು ಏನು ಮಾಡುತ್ತಾರೆ? ಅಮೆಜಾನ್ ಕಾಡಿನಲ್ಲಾದರೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋಗುತ್ತಾರೆ. ಜಾಗಕ್ಕೇನು ಬರ? ಪೆರುವಿನ ಕರಾವಳಿಯಲ್ಲಿ ಹಾಗಲ್ಲ. ಮುಂದೆ ಸಮುದ್ರ, ಹಿಂದೆ ಬೆಟ್ಟ, ಅಕ್ಕಪಕ್ಕ ಮರಳುಗಾಡು. ಬೆಳೆ ಬರುವುದು ಹೊಳೆಯ ಅಂಚಿನ ಒಂದು ಪಟ್ಟಿಯಲ್ಲಿ ಮಾತ್ರ. ಸೋತವರು ಎಲ್ಲಿಗೆ ಹೋಗಬೇಕು? ಗೆದ್ದವರ ಕೈಕೆಳಗೆ ಅಲ್ಲೇ ಉಳಿದು, ಬೆಳೆದದ್ದರಲ್ಲಿ ಪಾಲು ಒಪ್ಪಿಸಿ ಬದುಕಬೇಕು. ಒಡೆಯ, ಆಳು, ಕಂದಾಯ, ರಾಜ್ಯ ಎಲ್ಲ ಹೀಗೆ ಹುಟ್ಟಿತು ಅಂತ ಇಲ್ಲಿನ ಮಾನವಶಾಸ್ತ್ರಜ್ಞ ರಾಬರ್ಟ್ ಕಾರ್ನೀರೊ 1970ರಲ್ಲಿ ಬರೆದರು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮೂರ ದೊಡ್ಡಮನೆಯವರು ಯಾವ ಯುದ್ಧ ಗೆದ್ದರು? ಸಾಲ ಕೊಟ್ಟೇ ಅಲ್ವಾ ಅರ್ಧ ಊರಿನ ಜಮೀನು ಬರೆಸಿಕೊಂಡದ್ದು? ನನ್ನ ಥೀಸಿಸ್‌ನ ತಕರಾರೂ ಹೆಚ್ಚುಕಮ್ಮಿ ಇದೇ.

ಕಾಸ್ಮಾದಲ್ಲಿ ಸೆರ್ರೊ ಸೆಚಿನ್ ಅಂತ ಒಂದು ಜಾಗವಿದೆ. ಗೋಡೆಯುದ್ದಕ್ಕೂ ಕೆತ್ತಿದ ಕಲ್ಲುಗಳು, ಮುನ್ನೂರಕ್ಕೂ ಜಾಸ್ತಿ. ನಮ್ಮ ಕೆರೆ ಏರಿಯ ವೀರಗಲ್ಲಿನಲ್ಲಿ ಸತ್ತವನನ್ನು ಅಪ್ಸರೆಯರು ಮೇಲಕ್ಕೆ ಕರೆದುಕೊಂಡು ಹೋಗುತ್ತಾರಲ್ಲ, ಇಲ್ಲಿ ಆ ಮರ್ಯಾದೆ ಇಲ್ಲ. ಆಯುಧ ಹಿಡಿದವರು ನೆಟ್ಟಗೆ ನಿಂತಿದ್ದಾರೆ. ಉಳಿದವರದು ತಲೆ ಒಂದು ಕಡೆ, ಕೈಕಾಲು ಇನ್ನೊಂದು ಕಡೆ. ಇಷ್ಟನ್ನು ತಿಪಟೂರಿನವರಿಗೆ ಹೇಳುವುದು ಬೇಡ.

ಇದರಿಂದ ಹೊಟ್ಟೆ ತುಂಬುತ್ತದಾ ಅಂತ ಅಪ್ಪ ಕೇಳಿದ್ದಾರೆ. ಕಾರ್ನೀರೊ 1957ರಿಂದ ಇಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲೇ ಇದ್ದಾರೆ. ನಮ್ಮ ಸರ್ಕಾರಿ ನೌಕರಿಯಲ್ಲೂ ಅಷ್ಟು ವರ್ಷ ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಮೊದಲು, 1953ರಲ್ಲಿ, ಬ್ರೆಜಿಲ್‌ನ ಕುಯಿಕುರು ಜನರ ಜೊತೆ ಇದ್ದು ಅವರ ದುಡಿಮೆಯ ಲೆಕ್ಕ ಹಾಕಿದರು. ಒಬ್ಬ ಗಂಡಸಿಗೆ ದಿನಕ್ಕೆ ಹೊಲದಲ್ಲಿ ಸುಮಾರು ಎರಡು ಗಂಟೆ, ಮೀನು ಹಿಡಿಯಲು ಒಂದೂವರೆ ಗಂಟೆ. ಅಷ್ಟೇ! ಇನ್ನೂ ಮರಗೆಣಸು ಬೆಳೆಯಬಹುದಿತ್ತು, ಬೆಳೆಯಲಿಲ್ಲ. ಕಿತ್ತುಕೊಳ್ಳುವ ಒಡೆಯ ಇಲ್ಲದಿದ್ದರೆ ಯಾರು ಬೆಳೆಯುತ್ತಾರೆ? ಅಪ್ಪನಿಗೆ ಇದನ್ನು ಓದಿ ಹೇಳಬೇಡ, ತೋಟ ಮಾರಿ ಬ್ರೆಜಿಲ್‌ಗೆ ಹೊರಡುತ್ತಾರೆ. ಗೆಣಸು ತುರಿದು, ಹಿಂಡಿ, ವಿಷ ತೆಗೆಯುವ ಹೆಂಗಸರ ಹೊತ್ತು ಈ ಲೆಕ್ಕದಲ್ಲಿಲ್ಲ, ಅದನ್ನೂ ನೋಡು.

ಹುಡುಗನ ತಂದೆ ಮೈಸೂರಲ್ಲಿ ಓದಿದವರು ತಾನೇ? ಎಂ. ಎನ್. ಶ್ರೀನಿವಾಸ್ ಹೆಸರು ಹೇಳು. ಮೈಸೂರಿನವರೇ. ಆಕ್ಸ್‌ಫರ್ಡ್‌ನಲ್ಲಿ ಇದೇ ಓದಿದರು. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಹೋಗಿ ಇದ್ದು, ಯಾವ ಜಾತಿ ಯಾವುದರ ಮೇಲೆ, ಜಮೀನು ಯಾರ ಕೈಯಲ್ಲಿ ಅಂತೆಲ್ಲ ಬರೆದುಕೊಂಡರು. ಈಗ ಬೆಂಗಳೂರಿನಲ್ಲಿದ್ದಾರೆ. ಪದ್ಮಭೂಷಣ ಬಂದಿದೆ. ಅದನ್ನು ಮೊದಲು ಹೇಳು, ಕಾಫಿ ಲೋಟ ಕೆಳಗಿಟ್ಟು ಕೇಳುತ್ತಾರೆ.

ಅವರಿಗೆ ಹೇಳಬೇಕಾದದ್ದು ಇಷ್ಟೇ. ಕಂಪ್ಯೂಟರ್ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪೆರು. ಪಿಎಚ್‌ಡಿ ಮುಗಿಯಲು ಇನ್ನೂ ಮೂರು ವರ್ಷ ಬೇಕು. ಮದುವೆಯಾದರೂ ಓದು ಬಿಡುವುದಿಲ್ಲ. ಹುಡುಗನಿಗೆ ಏನಾದರೂ ಕೇಳುವುದಿದ್ದರೆ ನನಗೇ ಬರೆಯಲಿ, ವಿಳಾಸ ಕೊಡು. ಫೋಟೋದಲ್ಲಿ ಒಳ್ಳೆಯವನ ಹಾಗೇ ಕಾಣುತ್ತಾನೆ. ಬೇಡ ಅಂದರೂ ನನಗೇನೂ ಬೇಜಾರಿಲ್ಲ. ನೀನು ದೇವರಾಣೆಗೂ ಅಳಬೇಡ.

ಇಲ್ಲಿ ವಿಪರೀತ ಹಿಮ, ಆದರೆ ಚಳಿಯೇನೂ ಆಗುತ್ತಿಲ್ಲ. ಎರಡು ಸ್ವೆಟರ್, ಮೇಲೊಂದು ಕೋಟು. ಕೆಮ್ಮು ಹೋಗಿದೆ, ಸ್ವಲ್ಪ ಇದೆ ಅಷ್ಟೇ. ಊಟ ಚೆನ್ನಾಗಿದೆ. ಫ್ಲಶಿಂಗ್‌ನ ಗಣೇಶನ ಗುಡಿಗೆ ಹೋಗಿದ್ದೆ, ದೋಸೆ ತಿಂದೆ. ದುಡ್ಡು ಸಾಕಾಗುತ್ತಿದೆ, ಕಳಿಸಬೇಡಿ. ಪ್ರೊಫೆಸರನ್ನು ಹೆಸರು ಹಿಡಿದು ಕರೆಯಬೇಕಂತೆ ಇಲ್ಲಿ. ನನ್ನ ಬಾಯಿಗೆ ಇನ್ನೂ ಸರ್ ಅಂತಲೇ ಬರುತ್ತದೆ.

ಪೋಸ್ಟ್ ಆಫೀಸ್ ಮುಚ್ಚುವ ಹೊತ್ತಾಯಿತು. ಬಿಪಿ ಮಾತ್ರೆ ತಪ್ಪಿಸಬೇಡ. ಅಜ್ಜಿಗೆ ಬೇರೆ ಬರೆಯುತ್ತೇನೆ. ಮಾವನಿಗೆ ಇವತ್ತೇ ಹೇಳು.

ನಿನ್ನ,
ಸುಮಾ