ಕನ್ನಡಿ ಬಿಚ್ಚಿಟ್ಟು ಓಡಿಸಿದ ದಿನ: ಭಟ್ಟನಿಗೊಂದು ಪತ್ರ

ಲೋ ಭಟ್ಟಾ,

ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ನೀನು ಎರಡನೇ ನಿಮಿಷಕ್ಕೆ ಅಡಿಕೆ ರೇಟು ಶುರು ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಕಡೆ ಹಾಕಿದರೆ ಯಾರಾದರೂ ನಿನಗೆ ಕಳಿಸಿಯೇ ಕಳಿಸುತ್ತಾರೆ, ಆಗ ನೀನು ಓದಲೇಬೇಕು.

ಹೋದ ತಿಂಗಳು ಮತ್ತೆ ಚೆನ್ನೈ ರೇಸ್ ಟ್ರ್ಯಾಕಿಗೆ ಬೈಕ್ ಓಡಿಸಲು ಹೋಗಿದ್ದೆ. ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈ ಅಂತ ಊರು, ಬಾಯಲ್ಲಿ ಆ ಹೆಸರು ತಿರುಗಿಸುವುದೇ ಒಂದು ಹೇರ್‌ಪಿನ್. 3.7 ಕಿಲೋಮೀಟರ್, 12 ತಿರುವು. ಗಾಡಿ ಅದೇ ಸೆಕೆಂಡ್ ಹ್ಯಾಂಡ್ ಟಿವಿಎಸ್ ಅಪಾಚೆ ಆರ್‌ಆರ್ 310 ಬೈಕು. ಹೊಸೂರು ದಾಟುವಾಗ ಅದು ಯಾಕೋ ಚೆನ್ನಾಗಿ ಓಡುತ್ತದೆ, ಫ್ಯಾಕ್ಟರಿ ಇರುವ, ಅದು ಹುಟ್ಟಿದ ಊರಲ್ವಾ. ಆಂಬೂರಿನಲ್ಲಿ ನಿಲ್ಲಿಸಿ ಬಿರಿಯಾನಿ ತಿಂದೆ. ಅದರ ಜೊತೆ ಕೊಡುವ ಬದನೆಕಾಯಿಯ ವಿಷಯ ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ.

ಇದಕ್ಕೆ ಒಂದು ವಾರ ಮುಂಚೆ ಆಫೀಸಿನಲ್ಲಿ ನಮಗೆಲ್ಲ ಪರ್ಸನಾಲಿಟಿ ಟೆಸ್ಟ್ ಮಾಡಿಸಿದ್ದರು. ಮೈಯರ್ಸ್-ಬ್ರಿಗ್ಸ್ ಅಂತ, ಮನುಷ್ಯರನ್ನು 16 ಬಗೆ ಮಾಡಿ ಒಂದೊಂದಕ್ಕೂ ನಾಲ್ಕು ಅಕ್ಷರದ ಹೆಸರು ಕೊಡುತ್ತದಲ್ಲ, ಅದು. ಅಮೆರಿಕದ ಒಬ್ಬ ತಾಯಿ ಮತ್ತು ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್, ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಬರೆದಿದ್ದನ್ನು ಓದಿ ಕಟ್ಟಿದ ಟೆಸ್ಟು. ಇಬ್ಬರೂ ಮನಶ್ಶಾಸ್ತ್ರ ಕಲಿತವರಲ್ಲ. ಕಲಿತವರು ಇದನ್ನು ಅಷ್ಟಾಗಿ ನಂಬುವುದೂ ಇಲ್ಲ. ತಿಂಗಳು ಬಿಟ್ಟು ಮತ್ತೆ ಬರೆದರೆ ಎಷ್ಟೋ ಜನಕ್ಕೆ ಬೇರೆಯೇ ಅಕ್ಷರ ಬರುತ್ತದೆ. ನಮ್ಮ ಆಫೀಸಿನವರು ಮಾತ್ರ ರಾಶಿ ನಕ್ಷತ್ರ ಹೇಳಿಕೊಂಡ ಹಾಗೆ ಹೇಳಿಕೊಂಡು ಓಡಾಡುತ್ತಿದ್ದಾರೆ. ಬೈಕ್ ಹುಚ್ಚಿನವರಿಗೆ ಐಎಸ್‌ಟಿಪಿ ಬರಬೇಕಂತೆ. ನನಗೆ ಬಂದಿದ್ದು ಐಎಸ್‌ಎಫ್‌ಜೆ. ಅಂದರೆ ಎಲ್ಲರನ್ನೂ ಕಾಯುವವನು, ಹಿಂದೆ ಉಳಿದವರನ್ನು ನೋಡಿಕೊಳ್ಳುವವನು. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಯಾಕೋ ಹೊಟ್ಟೆಯೊಳಗೆ ಕಸಿವಿಸಿ ಆಯಿತು.

ಅವತ್ತು ರಾತ್ರಿ ನಿದ್ದೆ ಬರದೆ ಇನ್ನೊಂದು ಟೆಸ್ಟ್ ಹುಡುಕಿದೆ. ಮಾರ್ವಿನ್ ಝುಕರ್‌ಮನ್ ಅನ್ನುವವರು 1964ರಲ್ಲಿ ಮಾಡಿದ ಅಳತೆ. ಮನುಷ್ಯನಿಗೆ ಥ್ರಿಲ್ ಎಷ್ಟು ಬೇಕು, ಹೊಸ ಅನುಭವದ ಹಸಿವು ಎಷ್ಟು, ಹಿಡಿತ ಬಿಟ್ಟು ಕುಣಿಯುವ ಆಸೆ ಎಷ್ಟು, ಎಷ್ಟು ಬೇಗ ಬೇಜಾರಾಗುತ್ತದೆ, ಇವನ್ನೆಲ್ಲ ಅಳೆಯುತ್ತಾರೆ. ನಾಲ್ಕರಲ್ಲೂ ನಾನು ನೆಲಕಚ್ಚಿದೆ ಮಾರಾಯ. ಥ್ರಿಲ್ಲಿನಲ್ಲಂತೂ ನಮ್ಮ ಅಜ್ಜಿಗೆ ನನಗಿಂತ ಜಾಸ್ತಿ ಬರುತ್ತಿತ್ತು. ನಿನಗೇನು ಆಶ್ಚರ್ಯ ಆಗಲಿಕ್ಕಿಲ್ಲ. ಜಾತ್ರೆಯ ಜಾಯಿಂಟ್ ವ್ಹೀಲ್ ಕೆಳಗೆ ನಾಲ್ಕು ಜನರ ಚಪ್ಪಲಿ ಕಾಯುತ್ತಾ ನಿಂತವನು ನಾನೇ.

ಹಾಗಾದರೆ ಇಂಥವನು ಯಾಕೆ ದುಡ್ಡು ಕೊಟ್ಟು, ಚೆನ್ನೈ ಬಿಸಿಲಿನಲ್ಲಿ ಲೆದರ್ ಸೂಟ್ ಹಾಕಿಕೊಂಡು, ಗಂಟೆಗೆ 150 ಕಿಲೋಮೀಟರಿನಲ್ಲಿ ಬಂದು ತಿರುವಿಗೆ ಮಂಡಿ ಚಾಚುತ್ತಾನೆ? (ಚಾಚುತ್ತಾನೆ ಅಷ್ಟೇ. ನೆಲಕ್ಕೆ ಇನ್ನೂ ತಾಗಿಲ್ಲ. ನೆಲಕ್ಕೆ ಉಜ್ಜಲಿ ಅಂತ ಮಂಡಿಗೆ ಹಾಕುವ ಸ್ಲೈಡರ್ ಶೋರೂಮಿನಿಂದ ಬಂದ ಹಾಗೇ ಇದೆ.)

ಈ ಸಲ ಓಡಿಸುವುದಕ್ಕಿಂತ ಜನರನ್ನು ನೋಡಿದ್ದೇ ಹೆಚ್ಚು. ಟ್ರ್ಯಾಕ್ ಅಂದರೆ ಹುಚ್ಚು ಧೈರ್ಯದವರು ಬರುವ ಜಾಗ ಅಂತ ಊರಲ್ಲಿ ನಂಬಿದ್ದಾರೆ. ಪಿಟ್‌ನಲ್ಲಿ, ಅಂದರೆ ಗಾಡಿ ನಿಲ್ಲಿಸಿಕೊಳ್ಳುವ ಜಾಗದಲ್ಲಿ, ನನ್ನ ಎಡಗಡೆ ಒಬ್ಬ ಹಲ್ಲಿನ ಡಾಕ್ಟರು, ಪ್ರತಿ ಸೆಷನ್ ಆದ ಮೇಲೂ ಟೈರ್ ಪ್ರೆಶರ್ ನೋಡಿ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಬಲಗಡೆಯವರು ಅಕೌಂಟ್ಸ್‌ನವರು, ಗ್ಲೌಸ್ ಕೂಡ ಅಳತೆ ಹಿಡಿದ ಹಾಗೆ ಜೋಡಿಸಿಡುವ ಪೈಕಿ. ಇಬ್ಬರೂ ನನಗಿಂತ ಬಹಳ ಫಾಸ್ಟ್. ಹೊಸೂರು ರಸ್ತೆಯಲ್ಲಿ ವ್ಹೀಲಿ ಹೊಡೆಯುವಂಥ ಒಬ್ಬ ಹುಡುಗನೂ ಬಂದಿದ್ದ. ಊಟದ ಹೊತ್ತಿಗೆ ಅವನಿಗೆ ಸಾಕಾಗಿತ್ತು. "ಅದೇ 12 ತಿರುವು ಎಷ್ಟು ಸಲ ಸಾರ್?" ಅಂದ. ನಿಜ. ಅದೇ ತಿರುವು, ಅದೇ ಬ್ರೇಕ್ ಹಾಕುವ ಗುರುತು, ಮತ್ತೆ ಮತ್ತೆ. ನಿನ್ನ ತಂಗಿ ಬೆಳಿಗ್ಗೆ ಐದೂವರೆಗೆ ಎದ್ದು ಸರಳೆ ವರಸೆ ಹಾಡುತ್ತಿದ್ದಳಲ್ಲ, ಇದು ಅದೇ ಜಾತಿಯ ಕೆಲಸ. ಥ್ರಿಲ್ ಬೇಕಾದವನಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ ಸಾಕು.

ಮೈಕೆಲ್ ಆಪ್ಟರ್ ಅಂತ ಒಬ್ಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಒಂದು ಉದಾಹರಣೆ ಕೊಡುತ್ತಾರೆ. ಬೋನಿಲ್ಲದೆ ಹುಲಿ ಬಂದರೆ ಭಯ. ಹುಲಿ ಇಲ್ಲದ ಬೋನು ಬೇಜಾರು. ಬೋನೊಳಗೆ ಹುಲಿ ಇದ್ದರೆ ಮಾತ್ರ ಮಜಾ. ಬನ್ನೇರುಘಟ್ಟದಲ್ಲಿ ಬೋನೊಳಗೆ ಕೂರುವವರು ನಾವು ಅನ್ನುವುದಷ್ಟೇ ವ್ಯತ್ಯಾಸ. ಟ್ರ್ಯಾಕ್ ಅಂದರೆ ನನಗೆ ಆ ಸಫಾರಿ ಬಸ್ಸು. ಎದುರಿಂದ ಲಾರಿ ಬರುವುದಿಲ್ಲ. ನಾಯಿ ಇಲ್ಲ, ಹಂಪ್ ಇಲ್ಲ. ಏನಾದರೂ ಆದರೆ ಹಳದಿ ಬಾವುಟ, ಜಾಸ್ತಿ ಆದರೆ ಕೆಂಪು. ಬಿದ್ದವನನ್ನು ಎತ್ತಲು ಮಾರ್ಷಲ್‌ಗಳಿದ್ದಾರೆ, ಆಂಬುಲೆನ್ಸ್ ಇಂಜಿನ್ ಬಿಸಿ ಮಾಡಿಕೊಂಡು ನಿಂತಿರುತ್ತದೆ. ಹೆದರುಪುಕ್ಕಲನಿಗೆ ಇದಕ್ಕಿಂತ ಬೇರೆ ಸ್ವರ್ಗ ಬೇಕಾ?

ಇಲ್ಲಿಗೆ ನಿಲ್ಲಿಸೋಣ ಅಂತಲೇ ಕೂತಿದ್ದು. ಆದರೆ ಕನ್ನಡಿ ವಿಷಯ ಬಾಕಿ ಉಳಿಯಿತು.

ಟ್ರ್ಯಾಕಿಗೆ ಇಳಿಯುವ ಮುಂಚೆ ಗಾಡಿಯ ಕನ್ನಡಿ ಬಿಚ್ಚಿಡಬೇಕು. ಬಿದ್ದರೆ ಗಾಜು ಚೆಲ್ಲಬಾರದು ಅಂತ ಹೆಡ್‌ಲೈಟಿಗೆ ಟೇಪ್ ಅಂಟಿಸುತ್ತಾರೆ. ಕನ್ನಡಿ ಇದ್ದರೆ ಗಮನವೂ ಹಿಂದಕ್ಕೆ ಹೋಗುತ್ತದೆ. ಇನ್‌ಸ್ಟ್ರಕ್ಟರ್ ಬೆಳಿಗ್ಗೆಯೇ ಹೇಳಿದರು: ಹಿಂದೆ ತಿರುಗಿ ನೋಡಬೇಡಿ, ನಿಮ್ಮ ಲೈನ್ ಹಿಡಿದು ಹೋಗಿ, ಹಿಂದಿನವನ ಜವಾಬ್ದಾರಿ ಹಿಂದಿನವನದೇ. ಆ ಮಾತು ಕೇಳಿ ನನಗೆ ಎಷ್ಟು ಹಗುರಾಯಿತು ಗೊತ್ತಾ? ಎರಡೂ ಕನ್ನಡಿ ಕೈಯಲ್ಲಿ ಹಿಡಿದುಕೊಂಡು ಪೆದ್ದನ ಹಾಗೆ ನಿಂತೆ. ಆ ಹಗುರಕ್ಕಾಗಿಯೇ ನಾನು ಮೂರು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದೇನೆ ಅಂತ ಆಗ ಹೊಳೆಯಿತು. ನೀನು ಅವತ್ತು ನೆನಪಾಗಿದ್ದೂ ಆಗಲೇ.

2013ರ ಆಗಸ್ಟ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿದೆವಲ್ಲ. ನಾನು ಪಲ್ಸರ್‌ನಲ್ಲಿ ಮುಂದೆ, ನೀನು ಆರ್‌ಎಕ್ಸ್‌ನಲ್ಲಿ ಹಿಂದೆ. ಮಂಜಿನಲ್ಲಿ ನಿನ್ನ ಹೆಡ್‌ಲೈಟು ನನ್ನ ಬಲಗಡೆ ಕನ್ನಡಿಯಲ್ಲಿ ಒಂದು ಹಳದಿ ಚುಕ್ಕೆ. ಕೆಳಗೆ ಬಂದು ನೋಡಿದರೆ ನೀನಿರಲಿಲ್ಲ, ತಕ್ಷಣ ವಾಪಸ್ ಹತ್ತಿದೆ ಅಂತ ಇವತ್ತಿನವರೆಗೂ ಎಲ್ಲರಿಗೂ ಹೇಳಿದ್ದೇನೆ. ನಿನಗೂ.

ಚುಕ್ಕೆ ಮಾಯವಾಗಿದ್ದನ್ನು ನೋಡಿದ್ದೆ ಕಣೋ. ಮೇಲಿನ ತಿರುವಿನಲ್ಲೇ. ಉಚ್ಚೆಗೆ ನಿಲ್ಲಿಸಿರಬೇಕು ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಪೂರ್ತಿ ನಿಜವಲ್ಲ. ತಿರುವುಗಳು ಕೈಗೆ ಅಷ್ಟು ಚೆನ್ನಾಗಿ ಸಿಗುತ್ತಿದ್ದವು, ಒಂದಾದ ಮೇಲೊಂದು. ಮೊದಲ ಸಲ ಹೆದರಿಕೆ ಇಲ್ಲದೆ ಓಡಿಸುತ್ತಿದ್ದೆ. ನಿಲ್ಲಿಸಿದರೆ ಅದು ಹೋಗಿಬಿಡುತ್ತದೆ ಅನಿಸಿತು. ಕನ್ನಡಿ ನೋಡುವುದನ್ನೇ ಬಿಟ್ಟೆ. ನೀನು ಅಲ್ಲಿ ಬಿದ್ದು ಕಾಲರ್ ಬೋನ್ ಹಿಡಿದುಕೊಂಡು ಮೋರಿ ಪಕ್ಕ 20 ನಿಮಿಷ ಕೂತಿದ್ದೆ. ಯಾರೋ ಲಾರಿಯವನು ನೀರು ಕೊಟ್ಟಿದ್ದ. ನಾನು ಬಂದ ಕೂಡಲೇ ನೀನು ಕೇಳಿದ್ದು, "ನಿನಗೇನೂ ಆಗಿಲ್ವಲ್ಲ?"

ಟ್ರ್ಯಾಕಿನಲ್ಲಿ ನಮ್ಮದು ಒಂದೊಂದು ಸೆಷನ್ನೂ 20 ನಿಮಿಷವೇ. ಬೇಕಂತ ಲೆಕ್ಕ ಹಾಕಿದ್ದಲ್ಲ.

ಸರಿ, ಸಾಕು. ಇಷ್ಟು ಬರೆಯುವ ಯೋಚನೆ ಇರಲಿಲ್ಲ, ರಾತ್ರಿ ಹನ್ನೊಂದೂವರೆಗೆ ಕಾಫಿ ಕುಡಿದ ಪರಿಣಾಮ. ನಾವಿಬ್ಬರೇ ಕೂತಾಗ ಹೇಳುವಷ್ಟು ಧೈರ್ಯ ನನಗಿಲ್ಲ, ಎಲ್ಲರೆದುರು ಹೇಳಿದರೆ ನೀನು ಬೈಯುವ ಹಾಗಿಲ್ಲ. ಇದೂ ಐಎಸ್‌ಎಫ್‌ಜೆ ಲಕ್ಷಣವೋ ಏನೋ, ನೋಡಿ ಹೇಳುತ್ತೇನೆ.

ಇನ್ನುಳಿದ ಸುದ್ದಿ: ನನ್ನ ಬೆಸ್ಟ್ ಲ್ಯಾಪ್ 2 ನಿಮಿಷ 31 ಸೆಕೆಂಡು. ಹಲ್ಲಿನ ಡಾಕ್ಟರು ನನ್ನನ್ನು ಎಷ್ಟು ಸಲ ದಾಟಿದರೆಂದರೆ, ಕೊನೆಗೆ ಕೈ ಬೀಸಿ ನಮಸ್ಕಾರ ಮಾಡುತ್ತಿದ್ದರು. ಟೈರಿನ ಎರಡೂ ಅಂಚಿನಲ್ಲಿ ಬಳಸದೇ ಉಳಿದ ರಬ್ಬರ್ ಒಂದೊಂದು ಬೆರಳಗಲ ಇದೆ, ಅದಕ್ಕೆ ಅಲ್ಲಿನವರು ಕೋಳಿ ಪಟ್ಟಿ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಕೋಳಿ ಅಂದರೆ ಹೆದರುಪುಕ್ಕಲ. ನನ್ನದರಲ್ಲಿ ಒಂದು ಕೋಳಿ ಫಾರಂ ಮಾಡಬಹುದು.

ದೀಪಾವಳಿಗೆ ಬರುತ್ತೇನೆ. ಬಸ್ಸಿನಲ್ಲಿ. ಕೊಟ್ಟಿಗೆಹಾರದ ದೋಸೆ ದುಡ್ಡು ಅವತ್ತು ನೀನೇ ಕೊಟ್ಟಿದ್ದೆ, ಈ ಸಲ ನಂದು.

ಅತ್ತಿಗೆ, ನೀವೂ ಇದನ್ನು ಓದುತ್ತಿದ್ದರೆ ಒಂದು ಮಾತು. ಅವತ್ತು ಆಸ್ಪತ್ರೆಯಲ್ಲಿ ಇವನು ಅತ್ತಿದ್ದು ನೋವಿಗಲ್ಲ. ನರ್ಸು ಹೊಸ ಜೀನ್ಸ್ ಪ್ಯಾಂಟಿಗೆ ಕತ್ತರಿ ಹಾಕಿದ್ದಕ್ಕೆ.