ಮಳೆಯ ಇಂಚಿನ ಪಕ್ಕ ಬಿಸಿಲಿನ ಲೆಕ್ಕವನ್ನೂ ಕೊಡಿ

ಸಂಪಾದಕರೇ,

ಮಳೆಗಾಲದಲ್ಲಿ ಕೊಡಗಿನ ನಮ್ಮ ಮನೆಗೆ ಪತ್ರಿಕೆ ಬಂದ ಕೂಡಲೇ ನೋಡುವುದು ಎರಡೇ. ಭಾಗಮಂಡಲದಲ್ಲಿ ಎಷ್ಟು ಇಂಚು ಮಳೆ ಬಿತ್ತು, ಹಾರಂಗಿ ಜಲಾಶಯ ತುಂಬಿ 2,859 ಅಡಿ ಮುಟ್ಟಲು ಇನ್ನೆಷ್ಟು ಬಾಕಿ. ಅದರ ಪಕ್ಕದಲ್ಲಿ ಬಿಸಿಲಿನ ಒಂದು ಅಂಕಿಗೂ, ಅಂದರೆ ಚರ್ಮ ಸುಡುವ ಕಿರಣ ಎಷ್ಟು ಜೋರು ಎಂದು ಹೇಳುವ ಯುವಿ ಸೂಚ್ಯಂಕಕ್ಕೂ ಜಾಗ ಕೊಡಿ ಎಂದು ಕೇಳಲು ಈ ಪತ್ರ.

ಕಳೆದ ಮಳೆಗಾಲ ಪೂರ್ತಿ ನಮ್ಮ ಅತ್ತೆಗೆ ಸೊಂಟ, ಕಾಲು ನೋವು. ಥಂಡಿಗೆ ಹೀಗಾಗುತ್ತದೆ ಎಂದು ಎಲ್ಲರೂ ಅಂದರು, ನಾನೂ ಅಂದೆ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ತೀರಾ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ಹೊರಗೆ ಹೋದರೂ ಸ್ವೆಟರ್, ಅದರ ಮೇಲೆ ಪ್ಲಾಸ್ಟಿಕ್ ಕೊಪ್ಪೆ. ಮೈಗೆ ಬಿಸಿಲು ತಾಗುವುದಾದರೂ ಎಲ್ಲಿಂದ?

ಬಿಸಿಲಿಗೆ ಕೂರಿ ಎಂದು ವೈದ್ಯರು ಹೇಳಿ ಕಳಿಸಿದರು. ಯಾವಾಗ, ಎಷ್ಟು ಹೊತ್ತು ಎಂದು ಹೇಳಲಿಲ್ಲ. ಕಾಫಿ ಕುಯ್ಲಿನ ಸಮಯ ಅದು. ಅತ್ತೆ ಕಣದಲ್ಲಿ ಒಣಗಲು ಹಾಕಿದ ಕಾಫಿ ಕಾಯುತ್ತಾ ಹನ್ನೊಂದರಿಂದ ಎರಡರವರೆಗೆ ಕೂತರು. ಗಾಳಿ ತಣ್ಣಗಿತ್ತು, ಸುಡುವುದು ಗೊತ್ತೇ ಆಗಲಿಲ್ಲ. ಮೂರನೇ ದಿನ ಕತ್ತು, ಮುಂಗೈ ಉರಿದು ಬೊಬ್ಬೆ ಎದ್ದಿತು. ಆಗ ಅವರು ಜ್ವರಕ್ಕೆ ಡಾಕ್ಸಿಸೈಕ್ಲಿನ್ ನುಂಗುತ್ತಿದ್ದರು. ಇಲಿ ಜ್ವರಕ್ಕೂ ಕೊಡುವ ಮಾತ್ರೆ ಇದು. ಇದನ್ನು ತೆಗೆದುಕೊಳ್ಳುವಾಗ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಕೊಟ್ಟವರು ಆ ಮಾತೇ ಎತ್ತಿರಲಿಲ್ಲ. ಆ ರಾತ್ರಿ ಅತ್ತೆ ಮಲಗಲಾಗದೆ ಕೂತಿದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಎಳೆ ಬಿಸಿಲು ಸಾಕಲ್ವಾ ಎಂದು ಕೇಳುವವರು ಬಹಳ. ಹಿತವೇನೋ ಹೌದು, ಆದರೆ ವಿಟಮಿನ್ ಡಿ ಮಾಡಿಸುವ ಯುವಿ-ಬಿ ಕಿರಣ ಅದರಲ್ಲಿ ತೀರಾ ಕಮ್ಮಿ. ಗಾಜಿನ ಕಿಟಕಿಯ ಹಿಂದೆ ಕೂತರೆ ಅದೂ ಸಿಗುವುದಿಲ್ಲ. ನಮ್ಮ ನೆರಳು ನಮಗಿಂತ ಗಿಡ್ಡ ಇರುವ ಹೊತ್ತಿನಲ್ಲೇ ಆ ಕಿರಣ ಜಾಸ್ತಿ. ಚರ್ಮ ಸುಡುವುದೂ ಅದೇ ಹೊತ್ತಿನಲ್ಲಿ. ಹಾಗಾಗಿ ಕೈಕಾಲಿಗೆ ಬಿಸಿಲು ತಾಗುವಂತೆ ಸ್ವಲ್ಪ ಹೊತ್ತು ಕೂತು, ಚರ್ಮ ಚುರುಗುಟ್ಟುವ ಮೊದಲೇ ಎದ್ದುಬಿಡಬೇಕು. ಬೊಬ್ಬೆ ವಾಸಿಯಾದ ಮೇಲೆ ಚರ್ಮದ ವೈದ್ಯರು ಅತ್ತೆಗೆ ಹೇಳಿದ್ದು ಹದಿನೈದು, ಇಪ್ಪತ್ತು ನಿಮಿಷ. ಒಂದು ಮಿತಿ ದಾಟಿದ ಮೇಲೆ ಎಷ್ಟು ಹೊತ್ತು ಕೂತರೂ ಮೈ ಹೆಚ್ಚು ವಿಟಮಿನ್ ಮಾಡುವುದಿಲ್ಲ, ಸುಮ್ನೆ ಸುಡುತ್ತದೆ ಅಷ್ಟೆ. ಇಡೀ ದಿನ ಕಾಫಿ ಕುಯ್ಯುವವರು ತಲೆಗೆ ಬಟ್ಟೆ ಸುತ್ತಿ, ಹಳೇ ತುಂಬುತೋಳಿನ ಶರ್ಟು ಹಾಕುತ್ತಾರಲ್ಲ, ಅದೇ ಸರಿ.

ಮಳೆಗಾಲಕ್ಕೆ ಮೊಟ್ಟೆ, ಮತ್ತಿ ಮೀನು ಇವೆ. 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ಮಾತ್ರ ವೈದ್ಯರು ಹೇಳದೆ ತಿನ್ನಬೇಡಿ. ಸಾಮಾನ್ಯವಾಗಿ ವಾರಕ್ಕೊಂದು ಬರೆಯುವ ಅದನ್ನು ದಿನಾ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು.

ನಾನು ಕೇಳುತ್ತಿರುವ ಅಂಕಿ ಯುವಿ ಸೂಚ್ಯಂಕ. ಅದು 3 ಮುಟ್ಟಿದರೆ ಹೆಚ್ಚು ಹೊತ್ತು ಹೊರಗಿರುವವರಿಗೆ ಟೋಪಿ, ನೆರಳು ಬೇಕು. 8 ಮುಟ್ಟಿದರೆ ತುಂಬಾ ಜೋರು. ಮಡಿಕೇರಿ ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ. ಎತ್ತರ ಏರಿದಂತೆ ಈ ಕಿರಣವೂ ಏರುತ್ತದೆ, ಚಳಿ ಅದನ್ನು ತಡೆಯುವುದಿಲ್ಲ. ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ ಈ ಅಂಕಿ ದಿನಾ ಸಿಗುತ್ತದೆ. ಆದರೆ ನಮ್ಮ ಅತ್ತೆ ಮೊಬೈಲ್ ನೋಡುವುದಿಲ್ಲ. ನಿಮ್ಮ ಪತ್ರಿಕೆಯನ್ನು ಓದುತ್ತಾರೆ.

– ಒಬ್ಬ ಓದುಗಿ, ನಾಪೋಕ್ಲು