ಕೊಡಗಿನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ಸಭೆ ಕರೆಯಿರಿ, ನಮ್ಮ ಮಾತನ್ನೂ ಕೇಳಿ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಮಡಿಕೇರಿ ಕಡೆಯ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಟಿವಿ ಚಾನೆಲ್‌ಗಳಲ್ಲಿ ಬರುವ ಕಾರ್ಯಕ್ರಮಗಳ ಬಗ್ಗೆ ದೂರು ಕೇಳಲು ಜಿಲ್ಲಾ ಮಟ್ಟದ ಸಮಿತಿ ಇರಬೇಕು, ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು ಅನ್ನುವುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆ ಸಮಿತಿಯ ಸಭೆ ಕರೆಯಿರಿ. ಸಭೆಯ ದಿನವನ್ನು ಜನರಿಗೆ ಮೊದಲೇ ತಿಳಿಸಿ. ನಮ್ಮನ್ನೂ ಕೂರಿಸಿ ಮಾತಾಡಲು ಬಿಡಿ. ಈ ಪತ್ರದ ಬೇಡಿಕೆ ಅಷ್ಟೇ.

ನಮ್ಮ ದೂರು ಧಾರಾವಾಹಿ, ಹಾಡಿನ ವಿಡಿಯೋಗಳು ಕೊಡಗನ್ನು ತೋರಿಸುವ ರೀತಿಯ ಬಗ್ಗೆ. ಧಾರಾವಾಹಿ ಅಂದ ತಕ್ಷಣ ದಯವಿಟ್ಟು ಪತ್ರವನ್ನು ಪಕ್ಕಕ್ಕೆ ಇಡಬೇಡಿ. ಮಳೆಗಾಲದಲ್ಲಿ ನಿಮಗೆ ಎಷ್ಟು ಕೆಲಸ ಇರುತ್ತದೆ ಅಂತ ನನಗೂ ಗೊತ್ತು. ಆದರೆ ಇಲ್ಲಿಗೆ ಒಮ್ಮೆಯೂ ಬಾರದ ಲಕ್ಷಾಂತರ ಜನ ಕೊಡಗನ್ನು ನೋಡುವುದು ಈ ಧಾರಾವಾಹಿ, ಹಾಡುಗಳಲ್ಲೇ. ಅಲ್ಲಿ ಕಂಡದ್ದನ್ನೇ ಮನಸ್ಸಲ್ಲಿಟ್ಟುಕೊಂಡು ನಮ್ಮ ಮಕ್ಕಳ ಜೊತೆ ಮಾತಾಡುತ್ತಾರೆ. ಬೆಂಗಳೂರಿಗೆ ಓದಲು ಹೋದ ನಮ್ಮ ಹುಡುಗರಿಗೆ ಎದುರಾಗುವ ಮೊದಲ ಪ್ರಶ್ನೆಗಳು ಎರಡೇ: ನಿಮ್ಮ ಮನೇಲಿ ಗನ್ ಇದೆಯಾ, ನೀವೆಲ್ಲ ದಿನಾ ಕುಡೀತೀರಂತೆ ಹೌದಾ?

ನಮ್ಮ ತರಗತಿಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಕೊಡಗು ಕಾಣಿಸುವ ಧಾರಾವಾಹಿ, ಹಾಡು ಯಾವುದೇ ಇರಲಿ, ಪ್ರತಿ ದೃಶ್ಯಕ್ಕೆ ಒಂದು ಸಾಲು ಬರೆಯಿರಿ ಅಂತ. ಯಾರು ಮಾತಾಡುತ್ತಾರೆ, ಯಾರು ಸುಮ್ನೆ ನಿಂತಿರುತ್ತಾರೆ? ಯಾರಿಗೆ ಹೆಸರಿದೆ? ಕ್ಯಾಮೆರಾ ಯಾರ ಮುಖದ ಹತ್ತಿರ ಹೋಗುತ್ತದೆ, ಯಾರನ್ನು ದೂರದಿಂದಲೇ ದಾಟಿಬಿಡುತ್ತದೆ? ಮಕ್ಕಳು ಬರೆದು ತಂದದ್ದನ್ನು ಜೋಡಿಸಿದರೆ ಎಲ್ಲ ಕಡೆ ಅದೇ ಕಥೆ. ಡ್ರೋನ್‌ನಲ್ಲಿ ಬೆಟ್ಟ, ಮಂಜು. ಆಮೇಲೆ ಒಂದು ರೆಸಾರ್ಟು, ಅದನ್ನೇ ತಾತನ ಕಾಲದ ಮನೆ ಅನ್ನುತ್ತಾರೆ. ಯಜಮಾನನ ಕೈಯಲ್ಲಿ ಗ್ಲಾಸು, ಗೋಡೆಯ ಮೇಲೆ ಕೋವಿ. ಮಗಳು ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟರೆ ಆ ಕೋವಿ ಕೆಳಗೆ ಇಳಿಯುತ್ತದೆ.

ಕೋವಿಗೆ ಇಲ್ಲಿ ಇರುವ ಜಾಗ ನಿಮಗೆ ಗೊತ್ತಿದೆ. ಆಯುಧಗಳ ಹಬ್ಬವಾದ ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಹಿಂದಿನಿಂದ ಬಂದ ಪದ್ಧತಿ. ನಮ್ಮ ಮಕ್ಕಳು ನೋಡಿದ ಒಂದು ಧಾರಾವಾಹಿಯಲ್ಲೂ ಇದು ಬರಲಿಲ್ಲ. ಬಂದದ್ದೆಲ್ಲ ಬೆದರಿಕೆ.

ಮದುವೆಯ ದೃಶ್ಯಗಳನ್ನು ನೋಡಿ ನಮ್ಮ ಕೊಡವ ವಿದ್ಯಾರ್ಥಿಗಳಿಗೆ ಬೇಜಾರಾಗಿದ್ದು ಜಾಸ್ತಿ. ಕೊಡವ ಸೀರೆಗೆ ನೆರಿಗೆ ಹಿಂದಕ್ಕೆ ಬರಬೇಕು, ಸೆರಗು ಬಲ ಭುಜದ ಮೇಲೆ ನಿಲ್ಲಬೇಕು. ಮದುಮಗ ಉಡುವುದು ಬಿಳಿ ಕುಪ್ಯ, ಅಂದರೆ ಮೊಣಕಾಲಿನ ತನಕ ಬರುವ ನಿಲುವಂಗಿ. ಹಿರಿಯರೇ ನಿಂತು ನಡೆಸುವ ಮದುವೆ ಅದು. ಟಿವಿಯಲ್ಲಿ ಮದುಮಗನಿಗೆ ಕಪ್ಪು ಕುಪ್ಯ, ಮುಂದೆ ಹೋಮಕುಂಡ, ಪಕ್ಕದಲ್ಲಿ ಪುರೋಹಿತರು. ಅದೇ ಕುಪ್ಯ, ಸೊಂಟಕ್ಕೆ ಕಟ್ಟುವ ಚೇಲೆಯನ್ನು ಮುಂದಿನ ದೃಶ್ಯದಲ್ಲಿ ಕುಡಿದು ತೂರಾಡುವ ಕಾಮಿಡಿ ಪಾತ್ರಕ್ಕೆ ಹಾಕಿಸಿದ್ದರು. ಒಂದು ಫೋನ್ ಮಾಡಿ ಕೇಳಿದ್ದರೆ ಇಲ್ಲಿ ಯಾರು ಬೇಕಾದರೂ ಹೇಳುತ್ತಿದ್ದರು, ಅಲ್ವಾ?

ಇನ್ನು ಕೊಡಗು ಅಂದರೆ ಕೊಡವರು ಮಾತ್ರ ಅಂತಲೂ ಇವರು ತೀರ್ಮಾನಿಸಿಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಆಡುವುದು ಅರೆಭಾಷೆ. ಆ ಭಾಷೆಗೆ ಸರ್ಕಾರದ್ದೇ ಅಕಾಡೆಮಿ ಇದೆ, ಧಾರಾವಾಹಿಯಲ್ಲಿ ಮಾತ್ರ ಒಂದು ಸಾಲೂ ಇಲ್ಲ. ಇಲ್ಲಿನ ಆದಿವಾಸಿಗಳಾದ ಯರವರು, ಜೇನುಕುರುಬರು, ಕುಡಿಯರು ಬಂದರೆ ಮಾಟ ಮಾಡಲು ಬರುತ್ತಾರೆ, ಇಲ್ಲವೇ ಹಾಡಿನ ಹಿಂದೆ ಕುಣಿಯಲು. ತೋಟದ ಕೆಲಸದವರ ಲೈನ್ ಮನೆಯಿಂದ ಕಾಲೇಜಿಗೆ ಬರುವ ಒಬ್ಬ ಹುಡುಗಿ ತನ್ನ ಪುಸ್ತಕದಲ್ಲಿ ಬರೆದಿದ್ದಳು: 'ಕೆಲಸದವರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಹಿಂದೆ ಹೋಗುತ್ತಾರೆ. ಯಾರೂ ಮಾತಾಡುವುದಿಲ್ಲ. ನಾವು ಕಾಫಿ ಕುಯ್ಯುವಾಗ ಚೀಲವನ್ನು ಸೊಂಟಕ್ಕೆ ಕಟ್ಟುತ್ತೇವೆ, ಬೆನ್ನಿಗೆ ಬುಟ್ಟಿ ಕಟ್ಟುವುದು ಟೀ ತೋಟದಲ್ಲಿ.' ಅವಳ ಅಮ್ಮ ಡಿಸೆಂಬರಿನಿಂದ ಫೆಬ್ರವರಿ ತನಕ ಅದೇ ಕೆಲಸ ಮಾಡುವವರು. ಅವಳಿಗೆ ಏನು ಉತ್ತರ ಹೇಳಲಿ?

ಇಷ್ಟೇ ಆಗಿದ್ದರೆ ತರಗತಿಯಲ್ಲೇ ಮಾತಾಡಿ ಸುಮ್ಮನಾಗುತ್ತಿದ್ದೆನೋ ಏನೋ. ಈಗ ಬರೆಯುತ್ತಿರುವುದು ನನ್ನ ಚಿಕ್ಕಮ್ಮನಿಗಾಗಿ.

ಅವರ ಮನೆ ಇದ್ದದ್ದು ಮಕ್ಕಂದೂರಿನ ಆಚೆ. 2018ರ ಆಗಸ್ಟಿನಲ್ಲಿ ಹಿಂದಿನ ಗುಡ್ಡದ ಬರೆ ಜಾರಿ ಮನೆಯ ಅರ್ಧ ಭಾಗ ಕೆಳಗೆ ಹೋಯಿತು. ಜೀವ ಉಳಿಯಿತು. ಬೇರೆ ಏನೂ ಉಳಿಯಲಿಲ್ಲ. ಈಗ ಅವರು ಜಂಬೂರಿನ ಪುನರ್ವಸತಿ ಮನೆಯಲ್ಲಿ ಇದ್ದಾರೆ. ಹಳೆ ಜಾಗದಲ್ಲಿ ಅಡುಗೆಮನೆಯ ನೀಲಿ ಗೋಡೆ, ಒಲೆಕಟ್ಟೆ, ಎರಡು ಕಲ್ಲಿನ ಮೆಟ್ಟಿಲು ಇನ್ನೂ ಇವೆ. ಜಾಗದ ಆರ್‌ಟಿಸಿ (ಪಹಣಿ) ಇವತ್ತಿಗೂ ಚಿಕ್ಕಮ್ಮನ ಹೆಸರಲ್ಲೇ ಇದೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಟಿವಿಯಲ್ಲಿ ಒಂದು ಹಾಡು ಬಂತು. ಪ್ರೀತಿ ಮುರಿದುಬಿದ್ದ ಹುಡುಗ ಪಾಳುಮನೆಯಲ್ಲಿ ಅಳುತ್ತಾನೆ. ಆ ಪಾಳುಮನೆ ಚಿಕ್ಕಮ್ಮನದು. ನೀಲಿ ಗೋಡೆಯ ಮೇಲೆ, ಕ್ಯಾಲೆಂಡರ್ ಹಾಕುತ್ತಿದ್ದ ಮೊಳೆಯ ಪಕ್ಕದಲ್ಲೇ, ಕೆಂಪು ಬಣ್ಣದಲ್ಲಿ ಹುಡುಗಿಯ ಹೆಸರು ಬರೆದಿದ್ದರು. ಹೊಗೆ ಬಿಟ್ಟಿದ್ದರು. ಕೊನೆಯಲ್ಲಿ ಡ್ಯಾನ್ಸರ್‌ಗಳು ಬಂದರು. ಚಿಕ್ಕಮ್ಮ ತಟ್ಟೆ ಬಿಟ್ಟು ಎದ್ದು ಹೋದರು. ಮಾರನೆಯ ದಿನ ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು: "ನನ್ನ ಒಲೆ ಮೇಲೆ ಶೂ ಹಾಕ್ಕೊಂಡು ನಿಂತಿದ್ದ."

ಸಾರ್, ಆ ಮಳೆಯಲ್ಲಿ ಜನ ಸತ್ತಿದ್ದಾರೆ. ಆ ಬೆಟ್ಟದ ಪ್ರತಿಯೊಂದು ಕುಸಿದ ಮನೆಗೂ ಒಬ್ಬ ವಾರಸುದಾರರಿದ್ದಾರೆ. ಅದನ್ನು ಸೆಟ್ ಅಂದುಕೊಂಡು ಬಂದವರಿಗೆ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ. ಕೇಳಿದ್ದಾರೆ, ಜೀಪಿನ ಡ್ರೈವರನ್ನು! ನಾನು ಚಾನೆಲ್‌ಗೆ ಬರೆದೆ. ವೀಕ್ಷಿಸಿದ್ದಕ್ಕೆ ಧನ್ಯವಾದ ಅಂತ ಉತ್ತರ ಬಂತು. ಹಾಡು ಮಾಡಿದವರು ಫೋನ್ ಎತ್ತಲಿಲ್ಲ. ವಿಚಾರಿಸಲು ಹೋದ ಕಡೆಯೆಲ್ಲ ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅಂದರು. ಹಾಗಾದರೆ ಯಾರ ವ್ಯಾಪ್ತಿಗೆ ಬರುತ್ತದೆ? ಅದಕ್ಕೇ ಕೇಳುತ್ತಿದ್ದೇನೆ, ಸಭೆ ಕರೆಯಿರಿ.

ನಿಯಮ ಇಲ್ಲ ಅನ್ನುವ ಹಾಗಿಲ್ಲ. 1994ರ ಕೇಬಲ್ ಟಿವಿ ನಿಯಮಗಳಲ್ಲಿ 6ನೆಯದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಯಾವುದೇ ಜನಾಂಗ, ಭಾಷೆ, ಪ್ರದೇಶದವರನ್ನು ಹೀಯಾಳಿಸಿ, ಕೀಳಾಗಿ ಕಂಡು ತೋರಿಸಬಾರದು ಅಂತ ಅದರಲ್ಲೇ ಇದೆ. ದೂರಿಗೆ ಚಾನೆಲ್ 15 ದಿನದೊಳಗೆ ತೀರ್ಮಾನ ಹೇಳಬೇಕು ಅಂತ 2021ರ ತಿದ್ದುಪಡಿಯಲ್ಲಿದೆ. ಮೊಬೈಲಿನಲ್ಲಿ ಓಡುವ ವಿಡಿಯೋಗೆ ಈ ನಿಯಮ ಹತ್ತುವುದಿಲ್ಲ, ಒಪ್ಪುತ್ತೇನೆ. ಆದರೆ ಅದರ ಶೂಟಿಂಗ್ ನಡೆಯುವುದು ನಿಮ್ಮ ಜಿಲ್ಲೆಯ ನೆಲದ ಮೇಲೆ.

ನಿಷೇಧ ಮಾಡಿ ಅಂತ ನಾನು ಕೇಳುತ್ತಿಲ್ಲ. ಶೂಟಿಂಗ್ ಬೇಡ ಅನ್ನುತ್ತಲೂ ಇಲ್ಲ. ಅದರಿಂದ ಇಲ್ಲಿನ ಡ್ರೈವರ್‌ಗಳಿಗೆ, ಹೋಮ್‌ಸ್ಟೇಯವರಿಗೆ, ಅಡುಗೆಯವರಿಗೆ ದುಡ್ಡು ಸಿಗುತ್ತದೆ, ಸಿಗಲಿ. ಕಥೆಯಲ್ಲಿ ನಮ್ಮವನೊಬ್ಬ ಕೆಟ್ಟವನಾಗಿದ್ದರೂ ಇರಲಿ, ಆದರೆ ಅವನ ಪಕ್ಕದಲ್ಲಿ ಉಳಿದ ನಾವೂ ಕಾಣಬೇಕು. ಕುಸಿದ ಮನೆಗಳಲ್ಲಿ, ಹಿರಿಯರ ಗುಡಿಗಳಾದ ಕೈಮಡಗಳಲ್ಲಿ, ದೇವರಕಾಡುಗಳಲ್ಲಿ ಕ್ಯಾಮೆರಾ ಇಡುವ ಮೊದಲು ಸಂಬಂಧಪಟ್ಟವರ ಒಪ್ಪಿಗೆ ಪತ್ರ ಇರಲೇಬೇಕು. ದೂರು ಎಲ್ಲಿ, ಯಾರಿಗೆ ಕೊಡಬೇಕು ಅಂತ ಪ್ರತಿ ತಾಲ್ಲೂಕು ಕಚೇರಿಯ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಸಿ. ಸಭೆಯಲ್ಲಿ ಕೊಡವರು, ಅರೆಭಾಷಿಕರು, ಹಾಡಿಯ ಆದಿವಾಸಿ ಜನ, ಲೈನ್ ಮನೆಯವರು ಎಲ್ಲರಿಗೂ ಕುರ್ಚಿ ಇರಲಿ.

ಮಕ್ಕಳು ಬರೆದ ಪುಸ್ತಕಗಳನ್ನು ತರುತ್ತೇನೆ, ಹಾಡಿನ ವಿಡಿಯೋ ತರುತ್ತೇನೆ, ಆರ್‌ಟಿಸಿಯ ಪ್ರತಿಯನ್ನೂ ತರುತ್ತೇನೆ. ಚಿಕ್ಕಮ್ಮನೂ ಬರುತ್ತೇನೆ ಅಂದಿದ್ದಾರೆ. ಅವರಿಗೆ ಮಂಡಿನೋವು, ಮೇಲಿನ ಮಹಡಿಯಲ್ಲಿ ಸಭೆ ಇಟ್ಟರೆ ಹತ್ತುವುದು ಕಷ್ಟ. ದಯವಿಟ್ಟು ಕೆಳಗಿನ ಕೋಣೆಯಲ್ಲೇ ಇಡಿ, ಈ ತಿಂಗಳಲ್ಲೇ ಕರೆಯಿರಿ.

ಇತಿ,
ಒಬ್ಬ ಉಪನ್ಯಾಸಕಿ
ಮಡಿಕೇರಿ